ತಾನು, ಚುಕ್ಕೆ, ಅಳೆ

ಫೆಬ್ರವರಿ 9
ಅಂಚೆಗೆ ಹಾಕಲಿಲ್ಲ

ನನ್ನ ಗೂಬೆಮರಿಗೆ,

ಸಮುದ್ರದ ನಡುವೆ ಬಂಡೆಯ ಮೇಲೆ ಕೂತು, ಮಂಜು ಕವಿದರೆ ದೋಣಿಗಳಿಗೆ ಕೊಂಬು ಊದಲು ಕಾಯುವವಳಿಗೆ ಇದಕ್ಕಿಂತ ಒಳ್ಳೆಯ ಹೆಸರು ನನಗೆ ಸಿಗಲಿಲ್ಲ. ಅಕ್ಕ ಅನ್ನಿಸಿಕೊಂಡವಳಿಗೆ ಅಷ್ಟು ಹಕ್ಕು ಇರಲಿ.

ನಿನ್ನ ಭಾವನಿಗೆ ಹೋದ ತಿಂಗಳು ಸ್ಟ್ರೋಕ್ ಆಯಿತು. ಸಂಜೆ ತರಗತಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದವರು ನನ್ನ ಹೊಲಿಗೆ ಅಂಗಡಿಯ ಬಾಗಿಲಲ್ಲೇ ಕುಸಿದು ಕೂತರು. ಜೀವಕ್ಕೆ ಅಪಾಯವಿಲ್ಲ. ಕೋಲು ಹಿಡಿದು ನಡೆಯುತ್ತಾರೆ, ಬಲಗೈ ಮಾತ್ರ ಇನ್ನೂ ಮುನಿಸಿಕೊಂಡಿದೆ. ಆದರೆ ಮಾತು ಹೋಗಿದೆ. ಹೇಳಿದ್ದೆಲ್ಲ ಅರ್ಥವಾಗುತ್ತದೆ, ನಗಿಸಿದರೆ ನಗುತ್ತಾರೆ, ಬಾಯಿ ತೆರೆದರೆ ಬರಿಯ ಉಸಿರು. ಎಷ್ಟು ಮಕ್ಕಳಿಗೆ ಕಂಪ್ಯೂಟರ್ ಪಾಠ ಹೇಳಿದ ಬಾಯಿ ಅದು! ಮೊದಲ ಕೆಲವು ತಿಂಗಳಲ್ಲಿ ಎಷ್ಟು ಮಾತು ಮರಳುತ್ತದೋ ನೋಡಬೇಕು, ಆಮೇಲೆ ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ನನಗೆ ಪೂರ್ತಿ ಮಾತೂ ಬೇಡ. ಒಂದು ಸಲ ನನ್ನನ್ನು ಕರೆದರೆ ಸಾಕು.

ಇದನ್ನು ಓದಿದರೆ ನೀನು ಸಿಕ್ಕ ದೋಣಿ ಹತ್ತುತ್ತೀಯ. ಅಮ್ಮ ಹಾಸಿಗೆ ಹಿಡಿದಾಗಲೂ ಓದನ್ನು ಅರ್ಧಕ್ಕೆ ಬಿಟ್ಟು ಓಡಿಬಂದವಳಲ್ಲವೇ? ಮೇ ಕೊನೆಗೆ ನಿನ್ನ ಇಲಾಖೆಯ ಕಂಪ್ಯೂಟರ್ ಪರೀಕ್ಷೆ. ಅದು ಪಾಸಾದರೆ ಆ ಬಂಡೆಯಿಂದ ಇಳಿದು ನೆಲದ ಮೇಲೆ ಬದುಕಬಹುದು. ಅದಕ್ಕೇ ತಾನೇ ಅವರು ನಿನಗೆ ಕಾಗದದಲ್ಲೇ ಪಾಠ ಹೇಳುತ್ತಿದ್ದದ್ದು? ಅವರು ತರಗತಿಗೂ ನಿನಗೂ ಎಂದು ಬರೆದಿಟ್ಟ ಪಾಠಗಳು ಮನೆಯಲ್ಲೇ ಇವೆ. ನೋಡಿ ನೋಡಿ ನಾನೇ ಬರೆದು ಕಳಿಸುತ್ತೇನೆ. ನಮೂನೆ ನೋಡಿ ಬಟ್ಟೆ ಕತ್ತರಿಸುವವಳಿಗೆ ಇದೇನು ಮಹಾ ಕೆಲಸ?

ಅದಕ್ಕೇ ಈ ಕಾಗದ ನಿನಗೆ ಬರುವುದಿಲ್ಲ. ಬರೆದು ಎದೆ ಹಗುರ ಮಾಡಿಕೊಂಡೆ, ಅಷ್ಟೇ.

ಅಕ್ಕ


ಫೆಬ್ರವರಿ 10

ಗೂಬೆಮರಿ,

ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಭಾವ ಮೆಟ್ಟಿಲಲ್ಲಿ ಜಾರಿ ಬಲಗೈ ಉಳುಕಿಸಿಕೊಂಡಿದ್ದಾರೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಜಾತಿ ಅವರದು, ನಿನಗೆ ಗೊತ್ತೇ ಇದೆ. ಇನ್ನು ಕೆಲವು ದಿನ ಪಾಠವನ್ನು ಅವರು ಹೇಳುತ್ತಾರೆ, ನಾನು ಬರೆಯುತ್ತೇನೆ. ಅಕ್ಷರ ಸೊಟ್ಟಗಿದ್ದರೆ ಬಾಯಿ ಮುಚ್ಚಿಕೊಂಡು ಓದು.

ಪಾಠ: ಪ್ರೋಗ್ರಾಂ ಬರೆಯುವಾಗ ಕ್ಲಾಸ್ ಎಂದರೆ ನಮೂನೆ. ಆ ನಮೂನೆಯಿಂದ ತಯಾರಾದ ಒಂದೊಂದು ವಸ್ತುವೂ ಒಂದೊಂದು ಆಬ್ಜೆಕ್ಟ್. ಆ ವಸ್ತುವಿಗೆ ಮಾಡಲು ಬರುವ ಕೆಲಸಕ್ಕೆ ಮೆಥಡ್ ಎಂದು ಹೆಸರು. ಮೆಥಡ್ಡನ್ನು ಬರೆದಿಟ್ಟ ಮಾತ್ರಕ್ಕೆ ಕೆಲಸ ನಡೆಯುವುದಿಲ್ಲ, ಯಾರಾದರೂ ಅದನ್ನು ಕರೆಯಬೇಕು.

ಇದು ನನಗೂ ಅರ್ಥವಾಯಿತು ಮಾರಾಯ್ತಿ! ಅಂಗಡಿಯ ಗೋಡೆಗೆ ನೇತುಹಾಕಿದ ಕೋಟಿನ ಕಾಗದದ ನಮೂನೆಯನ್ನು ತೊಟ್ಟುಕೊಂಡು ಯಾರೂ ಬೀದಿಗೆ ಹೋಗುವುದಿಲ್ಲ. ಒಂದೇ ನಮೂನೆಯಲ್ಲಿ ಹತ್ತು ಕೋಟು ಹೊಲಿದರೂ ಹತ್ತರ ಜೇಬಿನಲ್ಲೂ ಬೇರೆ ಬೇರೆ ಸಾಮಾನು ಇರುತ್ತದೆ. ಇದನ್ನು ಅವರಿಗೆ ಹೇಳಿದೆ, ನಕ್ಕರು.

ಬೆಚ್ಚಗಿರು. ಒದ್ದೆ ಸಾಕ್ಸ್ ಹಾಕಿಕೊಂಡು ಮಲಗಬೇಡ.

ಅಕ್ಕ


ಫೆಬ್ರವರಿ 26

ಅಕ್ಕಾ,

ದೋಣಿ ಇವತ್ತು ಬಂತು. ಇಲ್ಲಿ ವೈರ್‌ಲೆಸ್ಸಿನಲ್ಲಿ ಕೆಲಸದ ಮಾತು ಬಿಟ್ಟು ಬೇರೆ ಆಡುವ ಹಾಗಿಲ್ಲ, ಹಾಗಾಗಿ ನಿನ್ನ ಕಾಗದವೇ ನನಗೆ ಹಬ್ಬ. ಸಾಕ್ಸನ್ನು ಬಿಸಿನೀರಿನ ಪೈಪಿನ ಮೇಲೆ ಒಣಹಾಕಿದ್ದೇನೆ. ಜೊತೆಗಿರುವ ಹಿರಿಯ ಆಪರೇಟರು "ನಿಮ್ಮ ಸಾಕ್ಸ್ ವಾಸನೆಗೇ ದೋಣಿಗಳು ದಿಕ್ಕು ಕಂಡುಕೊಳ್ತವೆ, ಕೊಂಬು ಯಾಕೆ ಊದಬೇಕು?" ಎನ್ನುತ್ತಾರೆ.

ಕೋಟಿನ ಮಾತು ಓದಿ ನಕ್ಕೆ. ಭಾವನ ಕೈಗೆ ಬಿಸಿ ಶಾಖ ಕೊಡು. ಆದರೆ ಒಂದು ವಿಷಯ ಕೇಳುತ್ತೇನೆ. ಜನವರಿಯಲ್ಲಿ ನಾನು ಕಳಿಸಿದ ಉತ್ತರಗಳಲ್ಲಿ ತಪ್ಪು ಇದ್ದೇ ಇತ್ತು. ಕಳಿಸಿದ ಮೇಲೆ ನನಗೇ ಗೊತ್ತಾಯಿತು. ಅದರ ಬಗ್ಗೆ ಒಂದು ಬೈಗುಳವೂ ಬರಲಿಲ್ಲ. "ತಲೆ ಬಂಡೆಯ ಮೇಲಿದೆಯೋ, ಬಂಡೆಯೇ ತಲೆಯೋ?" ಎಂದು ಬರೆಯುವ ಮನುಷ್ಯ ಈಗ ಸುಮ್ಮನಿದ್ದಾರೆ. ಈ ದಡ್ಡಿಗೆ ಹೇಳಿ ಪ್ರಯೋಜನವಿಲ್ಲ ಎಂದು ಕೈಚೆಲ್ಲಿ, ನಿನ್ನ ಮೇಲೆ ಹಾಕಿದರೇ? ನಿಜ ಹೇಳು, ಬೇಜಾರಿಲ್ಲ. ಪರೀಕ್ಷೆಗೆ ಕೂರಲೋ ಬೇಡವೋ ಎಂದು ನಾನೂ ಯೋಚಿಸುತ್ತಿದ್ದೇನೆ. ಇಲ್ಲಿ ಅಭ್ಯಾಸ ಆಗಿಬಿಟ್ಟಿದೆ.

ತಂಗಿ


ಮಾರ್ಚ್ 11

ಗೂಬೆಮರಿ,

ಪರೀಕ್ಷೆಗೆ ಕೂರದಿದ್ದರೆ ನಾನೇ ದೋಣಿ ಹತ್ತಿ ಬಂದು ಕಿವಿ ಹಿಂಡುತ್ತೇನೆ. ಕೈಚೆಲ್ಲುವುದೇ? ನಿನ್ನ ಉತ್ತರ ನೋಡಿ ಭಾವ "ಶಭಾಷ್! ನನ್ನ ತರಗತಿಯಲ್ಲೇ ಇಂಥ ಬುದ್ಧಿವಂತೆ ಇಲ್ಲ" ಎಂದರು. ನೋವಿನಲ್ಲಿ ಮನುಷ್ಯ ಸ್ವಲ್ಪ ಮೆತ್ತಗಾಗಿದ್ದಾರೆ, ಅದಕ್ಕೇ ಬೈಗುಳ ಕಡಿಮೆ.

ಈ ಸಲದ ಪಾಠ ನಿನ್ನ ಕೆಲಸದ್ದೇ. ಒಂದು ಕ್ಲಾಸಿನೊಳಗಿನ ಒಂದು ಮೆಥಡ್ ಅದೇ ಕ್ಲಾಸಿನ ಇನ್ನೊಂದು ಮೆಥಡ್ಡನ್ನು ಕರೆಯುವುದು ಹೇಗೆ? ಕ್ಲಾಸಿನ ಹೆಸರು ಕಾವಲು. ಅದಕ್ಕೆ ಮೂರು ಕೆಲಸ ಗೊತ್ತು. 'ಅಳೆ' ಎಂದರೆ ಮಂಜು ಎಷ್ಟು ದಟ್ಟ ಎಂದು ನೋಡುವುದು. 'ಊದು' ಎಂದರೆ ಕೊಂಬು ಊದುವುದು. 'ಕಾಯು' ಎಂಬುದು ದೊಡ್ಡಣ್ಣ, ಅವನು ಉಳಿದಿಬ್ಬರನ್ನು ಕರೆದು ಕೆಲಸ ಮಾಡಿಸುತ್ತಾನೆ:

ಕಾಯು(ತಾನು):
    ಅಳೆ()
    ಊದು()

ಹೊರಗಿನವರು 'ಕಾಯು' ಎಂದು ಒಂದು ಸಲ ಹೇಳಿದರೆ ಆಯಿತು. ಮಿಕ್ಕಿದ್ದನ್ನು ಅದೇ ಒಳಗೊಳಗೆ ಕರೆದುಕೊಳ್ಳುತ್ತದೆ.

ಇದರಲ್ಲಿ ಅಲ್ಲಲ್ಲಿ ಬೇಡದ ಪದ ಜಾಸ್ತಿ ಇತ್ತು, ದಾರ ಕತ್ತರಿಸಿದ ಹಾಗೆ ಕತ್ತರಿಸಿ ಚೊಕ್ಕ ಮಾಡಿದ್ದೇನೆ. ನಮ್ಮ ಅಂಗಡಿಯೊಳಗೆ ನಾವು ನಾವೇ ಇರುವಾಗ "ಕತ್ತರಿ ಕೊಡು" ಅಂತೀವೇ ಹೊರತು "ನಮ್ಮ ಅಂಗಡಿಯ ಕತ್ತರಿ ಕೊಡು" ಅಂತೀವಾ?

ಅಕ್ಕ


ಮಾರ್ಚ್ 28

ಅಕ್ಕಾ,

ಪಾಠವನ್ನು ಇಲ್ಲಿನ ಹಳೆಯ ಕಂಪ್ಯೂಟರಿಗೆ ಹಾಕಿ ನೋಡಿದೆ. ಯಂತ್ರ ಒಂದೇ ಮಾತು ಹೇಳಿತು: 'ಅಳೆ' ಎಂಬ ಹೆಸರು ನನಗೆ ಗೊತ್ತಿಲ್ಲ. ಮೊದಲು ನನ್ನದೇ ತಪ್ಪು ಎಂದುಕೊಂಡು ಬೆಳಗಿನಿಂದ ಊಟದವರೆಗೂ ಒದ್ದಾಡಿದೆ. ಆಮೇಲೆ ನೀನು ಕತ್ತರಿಸಿದ ದಾರ ಯಾವುದೆಂದು ಹೊಳೆಯಿತು. ಅದು 'ತಾನು.ಅಳೆ()' ಎಂದಿರಬೇಕು. ತಾನು, ಆಮೇಲೆ ಒಂದು ಚುಕ್ಕೆ, ಆಮೇಲೆ ಅಳೆ. ಎಲ್ಲರೂ ಸೆಲ್ಫ್ ಎಂದು ಬರೆಯುವ ಕಡೆ ಭಾವ ನನಗೋಸ್ಕರ ತಾನು ಎಂದು ಕಲಿಸಿದ್ದರು.

ಅದು ಬೇಡದ ಪದ ಅಲ್ಲ ಅಕ್ಕಾ. ಇಲ್ಲಿ ಉತ್ತರಕ್ಕೊಂದು ಗೋಪುರ, ದಕ್ಷಿಣಕ್ಕೊಂದು ಗೋಪುರ. ಎರಡರ ಕಾವಲೂ ಒಂದೇ ನಮೂನೆಯಿಂದ ಹುಟ್ಟಿದವು. ಉತ್ತರದ ಕಾವಲಿಗೆ 'ಕಾಯು' ಎಂದರೆ ಅದು ತನ್ನ ಮಂಜನ್ನೇ ಅಳೆದು ತನ್ನ ಕೊಂಬನ್ನೇ ಊದಬೇಕು. ದಕ್ಷಿಣದಲ್ಲಿ ಅಳೆದು ಉತ್ತರದಲ್ಲಿ ಊದಿದರೆ ದೋಣಿಯವರ ಗತಿಯೇನು? ಒಳಗೇ ಇದ್ದರೂ ಯಾರ ಅಳೆ, ಯಾರ ಊದು ಎಂದು ಹೇಳಲೇಬೇಕು. ಯಂತ್ರ ಊಹೆ ಮಾಡುವುದಿಲ್ಲ.

ಈ ಒಂದು ತಪ್ಪಿಗೆ ಭಾವ ಇಡೀ ತರಗತಿಯನ್ನು ನಿಲ್ಲಿಸಿ ಬೈಯುತ್ತಿದ್ದರಂತೆ. ಅವರು ಬಾಯಿಬಿಟ್ಟು ಹೇಳಿದ ಪಾಠದಲ್ಲಿ ಇದು ಬರಲು ಸಾಧ್ಯವೇ ಇಲ್ಲ. ನೀನು ಬರೆದದ್ದನ್ನು ಅವರು ಓದಿಯೂ ಇಲ್ಲ. ಮತ್ತೆ 'ಶಭಾಷ್' ಎಂದು ಬರೆದು ನನ್ನ ಮೂಗಿಗೆ ತುಪ್ಪ ಸವರಿದೆಯಲ್ಲ, ಅವರ ದೊಡ್ಡ ಹೊಗಳಿಕೆ ಎಂದರೆ 'ಪರವಾಗಿಲ್ಲ'. ಅದಕ್ಕಿಂತ ಮೇಲಿನ ಪದ ಅವರ ಬಾಯಲ್ಲಿ ಯಾವತ್ತೂ ಬಂದಿಲ್ಲ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದದ್ದು ಸಾಕು. ಭಾವನಿಗೆ ಏನಾಗಿದೆ? ಇದ್ದಾರೆ ತಾನೇ? ಬೇಗ ಬರೆ. ದೋಣಿ ಹೊರಡುತ್ತಿದೆ.

ತಂಗಿ


ಏಪ್ರಿಲ್ 12

ನನ್ನ ಬಂಗಾರ,

ಇದ್ದಾರೆ. ಈಗ ನನ್ನ ಎದುರಿಗೇ ಕಿಟಕಿಯ ಹತ್ತಿರ ಕೂತು, ನಾನು ಬಿಚ್ಚಲು ಕೊಟ್ಟ ಹಳೆಯ ಹೊಲಿಗೆಯನ್ನು ಎಡಗೈಯಲ್ಲಿ ಬಿಚ್ಚುತ್ತಿದ್ದಾರೆ. ಸ್ಟ್ರೋಕ್ ಆಗಿ ಮಾತು ನಿಂತಿದೆ. ಜನವರಿಯಲ್ಲೇ ಆಯಿತು. ಹೇಳಿದರೆ ಓದು ಬಿಟ್ಟು ಬರುತ್ತೀಯ ಎಂದು ಹೇಳಲಿಲ್ಲ. ಬೈಯುವುದಾದರೆ ಪರೀಕ್ಷೆ ಮುಗಿದ ಮೇಲೆ ಎದುರು ನಿಂತು ಬೈ.

ವಿಚಿತ್ರ ನೋಡು. ಮಾತಿನ ವ್ಯಾಯಾಮ ಮಾಡಿಸುವ ಮೇಡಂ "ಕೈ ಎತ್ತಿ" ಎಂದರೆ ಎಡಗೈಯೂ ಏಳುವುದಿಲ್ಲ, ಎಲ್ಲೋ ಹುಡುಕುವವರ ಹಾಗೆ ನೋಡುತ್ತಾರೆ. ಅದೇ ಮೂಗಿನ ಮೇಲೆ ನೊಣ ಕೂತರೆ ಫಟ್ಟನೆ ಹೊಡೆಯುತ್ತಾರೆ. "ಐದು ಅನ್ನಿ" ಎಂದರೆ ಬರುವುದಿಲ್ಲ. ಮೇಡಂ "ಒಂದು, ಎರಡು" ಎಂದು ಶುರುಮಾಡಿದರೆ ಮೂರು, ನಾಲ್ಕು, ಐದು ಎಂದು ಅವರ ಬಾಯಿಂದ ಉರುಳಿಕೊಂಡು ಬರುತ್ತದೆ. ಅಲ್ಲಿಗೆ ನಿಂತಿತು. ಎಲ್ಲ ಒಳಗೇ ಇದೆಯಂತೆ, ಕರೆದರೆ ಬರುತ್ತಿಲ್ಲವಂತೆ.

"ದಿನಾ ಹೇಳ್ತಿದ್ದ ಯಾವ್ದಾದ್ರೂ ಒಂದು ಮಾತು ಹಿಡ್ಕೊಳ್ಳಿ, ಅದನ್ನೇ ಹೇಳಿಸಿ" ಎಂದರು ಮೇಡಂ. ನಾನು ನನ್ನ ಹೆಸರು ಹಿಡಿದುಕೊಂಡೆ. ಬೆಳಿಗ್ಗೆ ಕಾಫಿ ಕೊಡುವಾಗ, ಅಂಗಡಿ ಮುಚ್ಚಿದ ಮೇಲೆ, "ನನ್ನ ಹೆಸರು ಹೇಳಿ ನೋಡೋಣ" ಎಂದು ಕೇಳುತ್ತೇನೆ. ತುಟಿ ಅಲ್ಲಾಡುತ್ತದೆ, ಕಣ್ಣು ತುಂಬಿಕೊಳ್ಳುತ್ತದೆ, ಮುಖ ತಿರುಗಿಸುತ್ತಾರೆ. ಈಚೆಗೆ ನಾನು ಕಾಫಿ ಲೋಟ ಹಿಡಿದು ಬಂದರೆ ಸಾಕು, ಕಣ್ಣು ಮುಚ್ಚಿ ನಿದ್ದೆಯ ಸೋಗು ಹಾಕುತ್ತಾರೆ. ಗಂಡ ತನ್ನನ್ನು ಕಂಡು ಹೆದರುವುದನ್ನು ನೋಡುವ ಕಷ್ಟ ಯಾರಿಗೂ ಬೇಡ.

ನೀನು ಬರಬೇಡ. ಬಂದರೆ ಅವರಿಗೆ ಇನ್ನೂ ನೋವಾಗುತ್ತದೆ.

ಅಕ್ಕ


ಏಪ್ರಿಲ್ 27

ಅಕ್ಕಾ,

ನಿನ್ನ ಕಾಗದ ಓದಿ ಉತ್ತರದ ಗೋಪುರ ಹತ್ತಿ ಅತ್ತುಬಂದೆ. ಹಿರಿಯ ಆಪರೇಟರು ಬಿಸಿ ಚಹಾ ಮುಂದಿಟ್ಟರು. ಸಿಟ್ಟೂ ಬಂತು. ನೀನೊಬ್ಬಳೇ ಇಷ್ಟನ್ನು ಹೊತ್ತೆಯಲ್ಲ, ನಾನೇನು ಹೊರಗಿನವಳೇ?

ಬರುವುದಿಲ್ಲ, ಹೆದರಬೇಡ. ಪರೀಕ್ಷೆ ಬರೆದೇ ಬರುತ್ತೇನೆ. ಭಾವ ಕಲಿಸಿದ್ದು ವ್ಯರ್ಥವಾಗಬಾರದು ಎಂದು ಈಗ ಹಠ ಬಂದಿದೆ.

ನೊಣದ ಮಾತನ್ನು ಎಷ್ಟೋ ಸಲ ಓದಿದೆ. ನಾನು ಡಾಕ್ಟರಲ್ಲ, ತಪ್ಪಿದ್ದರೆ ಮೇಡಂ ತಿದ್ದಲಿ, ಮೊದಲು ಅವರನ್ನೇ ಕೇಳು. ನೀನು ಕಳಿಸಿದ ಪಾಠದಲ್ಲೇ ಒಂದು ಮಾತಿದೆ. ಹೊರಗಿನವರು 'ಕಾಯು' ಎಂದರೆ ಆಯಿತು, ಮಿಕ್ಕಿದ್ದನ್ನು ಅದು ಒಳಗೊಳಗೆ ಕರೆದುಕೊಳ್ಳುತ್ತದೆ. ನಾವು ಹೊರಗೆ ನಿಂತು 'ಊದು', 'ಊದು' ಎಂದು ಒಳಗಿನ ಚಿಕ್ಕ ಕೆಲಸವನ್ನೇ ಕೂಗುತ್ತಿದ್ದೇವೇನೋ. ಭಾವನ ಒಳಗಿನ ದೊಡ್ಡ ಕೆಲಸ ಯಾವುದು? ಪಾಠ ಹೇಳುವುದು. ಅದನ್ನು ಶುರುಮಾಡಿಸಿ ನೋಡು. ಬೇಕಾದ ಮಾತನ್ನು ಅದೇ ಕರೆದುಕೊಂಡರೆ ಕರೆದುಕೊಳ್ಳಲಿ, ಇಲ್ಲದಿದ್ದರೂ ನಷ್ಟವಿಲ್ಲ.

ಇದರ ಜೊತೆ ನನ್ನ ಅಭ್ಯಾಸ ಪಾಠ ಇಟ್ಟಿದ್ದೇನೆ. ಬೇಕೆಂದೇ ತಪ್ಪು ಮಾಡಿದ್ದೇನೆ, ಕಲ್ಲೂ ಕಣ್ಣೀರಿಡುವಂಥ ತಪ್ಪು. ಅವರ ಎದುರು ಕೂತು ಜೋರಾಗಿ ಓದು. ಏನನ್ನೂ ಹೇಳಿ ಎನ್ನಬೇಡ. ಹೆಸರಂತೂ ಕೇಳಲೇಬೇಡ. ನೀನು ಅವರ ವಿದ್ಯಾರ್ಥಿ, ಅಷ್ಟೇ.

ತಂಗಿ


ಮೇ 19

ನನ್ನ ಗೂಬೆಮರಿಗೆ,

ಈ ಕಾಗದ ಪರೀಕ್ಷೆಗೆ ಮೊದಲೇ ನಿನ್ನ ಕೈಸೇರಲಿ ಎಂದು ಅಂಚೆಯವರನ್ನು ಕಾಡಿ ಬೇಡಿ ಹಾಕುತ್ತಿದ್ದೇನೆ.

ಮೇಡಂ ನಿನ್ನ ಮಾತು ಕೇಳಿ "ಮಾಡಿ ನೋಡಿ, ಮನೆಯಲ್ಲಿ ಆಗೋದು ಇಲ್ಲಿ ಆಗಲ್ಲ" ಎಂದರು. ಕೋಟಿನ ಒಳಗೆ ಹೊಲಿಯುವ ಕಪ್ಪು ಬಟ್ಟೆಯನ್ನು ಒಳಕೋಣೆಯ ಗೋಡೆಗೆ ಬಿಗಿಯಾಗಿ ಹೊಡೆದೆ. ನನ್ನ ಗುರುತು ಹಾಕುವ ಬಳಪ ಹಿಡಿದು ನಿನ್ನ ಪಾಠವನ್ನು ಅದರ ಮೇಲೆ ಬರೆದೆ, ಓದುತ್ತಾ ಬರೆದೆ. ಭಾವ ಕಿಟಕಿಯ ಕಡೆ ನೋಡುತ್ತಿದ್ದರು. ನಾನು ದೊಡ್ಡ ಪಂಡಿತೆಯ ಹಾಗೆ "ಕಾಯು ಅಂದ್ರೆ, ಅಳೆ, ಆಮೇಲೆ ಊದು, ಮುಗೀತು, ಇಷ್ಟೇ" ಎಂದೆ. ಅವರ ಕಿವಿ ಕೆಂಪಾಯಿತು. ಮುಂದಿನ ಸಾಲಿಗೆ ಕೋಲು ನೆಲಕ್ಕೆ ಕುಟ್ಟಿದರು. ಅದರ ಮುಂದಿನ ಸಾಲಿಗೆ ಎದ್ದೇ ಬಂದರು. ಬಳಪ ಕಿತ್ತುಕೊಂಡು ಎಡಗೈಯಲ್ಲಿ ನನ್ನ ಬರಹದ ಮೇಲೆ ಉದ್ದಕ್ಕೆ ಗೆರೆ ಎಳೆದು, "ಅಲ್ಲ! ಅಲ್ಲ! ಯಾರ ಅಳೆ? ಯಾರ?" ಎಂದರು.

ಗೂಬೆಮರಿ, ಮದುವೆಯಾದಾಗಿನಿಂದ ಬೈಸಿಕೊಂಡು ಇಷ್ಟು ಸಂತೋಷಪಟ್ಟದ್ದು ಇದೇ ಮೊದಲು. ಕೈಕಟ್ಟಿ ನಿಂತು "ಗೊತ್ತಿಲ್ಲ ಸಾರ್" ಎಂದೆ. ಅವರಿಗೆ ತಾವು ಮಾತಾಡಿದ್ದೇ ಗೊತ್ತಿಲ್ಲ! ಪಾಠದ ಗುಂಗಿನಲ್ಲಿ ಸೊಟ್ಟ ಸೊಟ್ಟ ಅಕ್ಷರದಲ್ಲಿ 'ತಾನು' ಎಂದು ಬರೆದು, ಚುಕ್ಕೆಯನ್ನು ಬಟ್ಟೆ ತೂತಾಗುವ ಹಾಗೆ ಕುಟ್ಟಿದರು.

ಆಮೇಲೆ ದಿನವೂ ಪಾಠ. ಪಾಠದ ಒಳಗೆ 'ಅಲ್ಲ', 'ಹೌದು', 'ಮತ್ತೆ ಬರಿ' ಬರುತ್ತವೆ. ಮೊನ್ನೆ 'ಪರವಾಗಿಲ್ಲ' ಕೂಡ ಬಂತು, ನನಗೆ! ಪಾಠ ಮುಗಿದರೆ ಮತ್ತೆ ಉಸಿರು ಮಾತ್ರ. ಎಷ್ಟು ಬಂದರೂ ಮನುಷ್ಯನ ಆಸೆ ನಿಲ್ಲುತ್ತದೆಯೇ? ನೀನು ಬೇಡ ಎಂದದ್ದನ್ನೂ ಮರೆತು ಹೋದ ವಾರ ಒಮ್ಮೆ "ಈಗ ನನ್ನ ಹೆಸರು ಹೇಳಿ" ಎಂದುಬಿಟ್ಟೆ. ಬಳಪ ಕೆಳಗಿಟ್ಟು ಕಿಟಕಿಯ ಹತ್ತಿರ ಹೋಗಿ ಕೂತರು. ಆ ದಿನ ಪಾಠವಿಲ್ಲ. ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

ನಿನ್ನೆ ನಡೆದದ್ದು ಕೇಳು. ಅಂಗಡಿಯಲ್ಲಿ ಒಬ್ಬ ಗಿರಾಕಿಯ ಭುಜದ ಅಳತೆ ತೆಗೆಯುತ್ತಿದ್ದೆ. ಬಾಯಲ್ಲಿ ಗುಂಡುಪಿನ್ನು. ಒಳಕೋಣೆಯಲ್ಲಿ ಅವರು ಬಟ್ಟೆಯ ಮೇಲೆ ನಾಳೆಯ ಪಾಠ ಬರೆಯುತ್ತಿದ್ದರು. "ಕೇಳಿಸ್ತಾ?" ಎಂಬ ದನಿ ಬಂತು. ನಾನು "ಊಂ, ಬಂದೆ" ಎಂದು, ತೋಳಿನ ಉದ್ದ ಬರೆದುಕೊಂಡು, ಟೇಪು ಕೊರಳಿಗೆ ಹಾಕಿಕೊಂಡು ಹೊರಟೆ. ಹೊಸ್ತಿಲ ಹತ್ತಿರ ನಿಂತುಬಿಟ್ಟೆ.

ಕೇಳಿಸ್ತಾ! ಅದೇ ಅಲ್ಲವೇ ಅವರು ನನ್ನನ್ನು ಕರೆಯುತ್ತಿದ್ದದ್ದು? ಮದುವೆಯಾದ ಹೊಸದರಲ್ಲಿ ಹೆಸರು ಹಿಡಿದು ಕರೆಯಲು ನಾಚಿಕೆ, ಆಮೇಲೆ ಅದೇ ರೂಢಿ. ಟವೆಲ್ ಬೇಕಾದರೂ ಕೇಳಿಸ್ತಾ, ಚಹಾ ಬೇಕಾದರೂ ಕೇಳಿಸ್ತಾ, ಬೀದಿಯ ಆಚೆ ಬದಿಯಿಂದಲೂ ಕೇಳಿಸ್ತಾ. ಇಷ್ಟು ವರ್ಷದಲ್ಲಿ ಒಂದು ದಿನವೂ ಅವರು ನನ್ನ ಹೆಸರು ಹೇಳಿಲ್ಲ. ಅವರು ದಿನಾ ಹೇಳುತ್ತಿದ್ದ ಮಾತು ಯಾವುದು ಎಂದು ಮೇಡಂ ಕೇಳಿದಾಗ, ಗಂಡ ನನ್ನನ್ನು ಕೇಳಿಸ್ತಾ ಎನ್ನುತ್ತಾರೆ ಎಂದು ಹೇಳಲು ನನಗೇ ಸಂಕೋಚವಾಗಿ, ಹೆಸರನ್ನು ಹೇಳಿಬಿಟ್ಟಿದ್ದೆ. ಹೆಸರು ಕೇಳುವ ಆಸೆಯೂ ಇತ್ತು, ಸುಳ್ಳೇಕೆ? ಅವರೊಳಗೆ ಯಾವತ್ತೂ ಇಲ್ಲದ್ದನ್ನು ಹಿಡಿದು ನಾನು ಇಷ್ಟು ತಿಂಗಳು ಕರೆದೆ. ಪಾಪ, ಎಲ್ಲಿಂದ ತಂದುಕೊಡಬೇಕು?

ಒಳಗೆ ಹೋದೆ. ಬಳಪ ಉರುಳಿ ಹೊಲಿಗೆ ಯಂತ್ರದ ಅಡಿ ಸೇರಿತ್ತು, ಕೋಲಿನಿಂದ ತೋರಿಸಿದರು. ಮುಖದಲ್ಲಿ ವಿಶೇಷವೇನೂ ಇಲ್ಲ. 'ಇಷ್ಟು ಹೊತ್ತು ಬೇಕಾ ಬರೋಕೆ?' ಎಂಬ ಹಳೆಯ ಸಿಡುಕು, ಅಷ್ಟೇ. ಬಗ್ಗಿ ಬಳಪ ಎತ್ತಿಕೊಟ್ಟೆ. ಆ ಮಾತಿನ ಸುದ್ದಿ ಎತ್ತಿದರೆ ಅದು ಓಡಿಹೋಗುತ್ತದೇನೋ ಎಂಬ ಭಯ.

ಮತ್ತೆ ಅಂಗಡಿಗೆ ಬಂದು ಗಿರಾಕಿಯನ್ನು ಕಳಿಸಿ, ಬಾಗಿಲು ಅರ್ಧ ಎಳೆದು, ಗೋಡೆಗೆ ಒರಗಿ ನಿಂತೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಮತ್ತೆ "ಕೇಳಿಸ್ತಾ?" ಎಂದರು. ಈ ಸಲ ನಾನು ಊಂ ಅನ್ನಲಿಲ್ಲ. ಇನ್ನೊಂದು ಸಲ ಕರೆಯಲಿ ಎಂದು ಉಸಿರು ಬಿಗಿಹಿಡಿದು ನಿಂತೇ ಇದ್ದೆ.

ಅಕ್ಕ